ಮೀಟರ್‌ನಲ್ಲಿ 0.6 ಓಮ್, ಲೆಕ್ಕದಲ್ಲಿ 6.8 ಓಮ್: ಯಾವುದನ್ನು ನಂಬಬೇಕು?

ನಿಮ್ಮ ಮೀಟರೂ ಕೆಟ್ಟಿಲ್ಲ, ಬಲ್ಬೂ ಕೆಟ್ಟಿಲ್ಲ. ಎರಡು ಅಂಕಿಯೂ ಸರಿಯೇ.

ಈಗ ನೋಡುತ್ತಿರುವವರಿಗೆ ವಿಷಯ ಇಷ್ಟು: 12 ವೋಲ್ಟ್, 21 ವಾಟ್‌ನ ಫಿಲಮೆಂಟ್ ಬಲ್ಬು. ಬಿಚ್ಚಿ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಅಳೆದರೆ 0.6 ಓಮ್. ಬ್ಯಾಟರಿಗೆ ಹಾಕಿ ಉರಿಸಿದಾಗ ಬಲ್ಬಿನ ಮೇಲೆ 11.6 ವೋಲ್ಟ್, ಕರೆಂಟ್ 1.7 ಆಂಪಿಯರ್. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 12.4 ವೋಲ್ಟ್. 0.6 ಓಮ್ ಹಾಕಿ ಲೆಕ್ಕ ಮಾಡಿದರೆ 21ರ ಬದಲು 240 ವಾಟ್ ಬರುತ್ತಿದೆ, ಕೆಟ್ಟಿರುವುದು ಮೀಟರೋ ಬಲ್ಬೋ ಅನ್ನುವುದು ಪ್ರಶ್ನೆ.

ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್: 11.6 ÷ 1.7 = 6.8. ಎರಡನ್ನೂ ಗುಣಿಸಿದರೆ ವಾಟ್: 11.6 × 1.7 = 19.7. ವೋಲ್ಟೇಜ್ ಸ್ವಲ್ಪ ಕಮ್ಮಿ ಇರುವುದರಿಂದ 21ಕ್ಕೆ ಮುಟ್ಟಿಲ್ಲ, ಅಷ್ಟೇ. ನೀವು ತಣ್ಣಗಿನ 0.6 ಓಮ್ ಇಟ್ಟುಕೊಂಡು 12 × 12 ÷ 0.6 ಮಾಡಿದ್ದಕ್ಕೆ 240 ವಾಟ್ ಬಂತು. ಸೂತ್ರ (ವೋಲ್ಟ್ × ವೋಲ್ಟ್ ÷ ಓಮ್ = ವಾಟ್) ತಪ್ಪಲ್ಲ. ಉರಿಯುವ ಬಲ್ಬಿನ ಲೆಕ್ಕಕ್ಕೆ ಆರಿದ ಬಲ್ಬಿನ ಓಮ್ ಹಾಕಿದಿರಿ, ಅಲ್ಲೇ ಎಡವಟ್ಟು.

ಫಿಲಮೆಂಟ್ ಟಂಗ್‌ಸ್ಟನ್‌ನದು. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಉರಿಯುವಾಗ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಹಾಗಾಗಿ ಹತ್ತು ಪಟ್ಟಿಗಿಂತ ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಸ್ವಿಚ್ ಒತ್ತಿದ ಕ್ಷಣ ಮಾತ್ರ ಅದು 0.6 ಓಮೇ. ಆಗ 20 ಆಂಪಿಯರ್ ಎಳೆಯಲು ನೋಡುತ್ತದೆ, ವೈರು ಮತ್ತು ಸ್ವಿಚ್ಚಿನ ರೆಸಿಸ್ಟೆನ್ಸ್ ಅದಕ್ಕೆ ಕಡಿವಾಣ ಹಾಕುತ್ತದೆ. ಹಳೇ ಬಲ್ಬುಗಳು ಹೆಚ್ಚಾಗಿ ಹಾಕಿದ ಕೂಡಲೇ ಹೋಗುವುದು ಇದಕ್ಕೇ. ಹೀಟರಿನ ನೈಕ್ರೋಮ್ ತಂತಿ ಹೀಗಲ್ಲ. ಕೆಂಪಾದರೂ ಅದರ ಓಮ್ ಹೆಚ್ಚು ಬದಲಾಗುವುದಿಲ್ಲ, ತಣ್ಣಗಿರುವಾಗ ಅಳೆದು ಲೆಕ್ಕ ಹಾಕಿದರೂ ನಡೆಯುತ್ತದೆ.

ಇನ್ನೊಂದು ಮಾತು. ಒಂದು ಓಮಿಗಿಂತ ಕಡಿಮೆ ಅಳೆಯುವಾಗ ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. 0.2 ತೋರಿಸಿದರೆ ಅದು ಪ್ರೋಬ್ ವೈರಿನದು, ಕಳೆದುಬಿಡಿ. ನಿಮ್ಮ 0.6ರಲ್ಲಿ ಅದೂ ಸೇರಿದೆಯೋ ಏನೋ.

ನನಗೆ ನಿಮ್ಮ ಬಲ್ಬಿಗಿಂತ ಆ 12.4 ಮತ್ತು 11.6ರ ನಡುವಿನ ವ್ಯತ್ಯಾಸ ಮುಖ್ಯ ಅನ್ನಿಸಿತು. 0.8 ವೋಲ್ಟ್ ದಾರಿಯಲ್ಲೇ ಉಳಿದಿದೆ. 0.8 ÷ 1.7 ಅಂದರೆ ಸುಮಾರು 0.47 ಓಮ್. 0.8 × 1.7 ಅಂದರೆ 1.4 ವಾಟ್ ಹತ್ತಿರ, ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಇದರಲ್ಲಿ ಕರೆಂಟ್ ಅಳೆಯಲು ಸೀರೀಸ್‌ನಲ್ಲಿ (ಕರೆಂಟ್ ಹರಿಯುವ ದಾರಿಯಲ್ಲೇ) ಹಾಕಿರುವ ಮೀಟರಿನ ಪಾಲೂ ಇದೆ. ಮೀಟರ್ ತೆಗೆದು ಬಲ್ಬು ನೇರ ಉರಿಸಿ, ವೋಲ್ಟ್ ರೇಂಜಿನಲ್ಲಿ ಒಂದೊಂದೇ ಭಾಗ ಅಳೆಯಿರಿ: ವೈರಿನ ಈ ತುದಿಯಿಂದ ಆ ತುದಿ, ಸ್ವಿಚ್ಚಿನ ಎರಡು ಕಾಲು, ಹೋಲ್ಡರ್. ಒಳ್ಳೇ ಸ್ವಿಚ್ಚಿನಲ್ಲಿ ಇಷ್ಟು ಕರೆಂಟಿಗೆ ಮಿಲಿವೋಲ್ಟ್ ಲೆಕ್ಕದಲ್ಲಷ್ಟೇ ಸಿಗಬೇಕು. ಅರ್ಧ ವೋಲ್ಟ್ ಬಂದರೆ ಕಾಂಟ್ಯಾಕ್ಟ್ ಸವೆದಿದೆ ಅಂತಲೇ ಲೆಕ್ಕ. ಓಮ್ ರೇಂಜಿನಲ್ಲಿ ಈ ದೋಷ ಸುಲಭಕ್ಕೆ ಸಿಗುವುದಿಲ್ಲ, ಲೋಡ್ ಇರುವಾಗಲೇ, ಅಂದರೆ ಬಲ್ಬು ಉರಿದು ಕರೆಂಟ್ ಹರಿಯುವಾಗಲೇ ಸಿಗುವುದು.

ವೋಲ್ಟೇಜ್, ಕರೆಂಟ್ ಎರಡನ್ನೂ ಒಂದೇ ಹೊತ್ತಿನಲ್ಲಿ ಓದಿಕೊಳ್ಳಿ. ಲೋಡ್ ಬಿದ್ದರೆ ಬ್ಯಾಟರಿ ಇಳಿಯುತ್ತದೆ. ಈ ತಲೆನೋವು, ಓಮ್ ಅನ್ನುವ ಹೆಸರು ಯಾರಿಂದ ಬಂತೋ ಆ ವಿಜ್ಞಾನಿ ಸ್ವತಃ ಜಾರ್ಜ್ ಓಮ್‌ಗೂ ಇತ್ತು! ಆ ಕಾಲದ ಬ್ಯಾಟರಿಯ ವೋಲ್ಟೇಜ್ ನಿಲ್ಲುತ್ತಲೇ ಇರಲಿಲ್ಲ. 1826ರ ಹೊತ್ತಿಗೆ ಅವರು ಬ್ಯಾಟರಿ ಬಿಟ್ಟು ಥರ್ಮೋಕಪಲ್ (ಎರಡು ಲೋಹಗಳ ಜೋಡಿ, ಬಿಸಿ-ತಂಪಿನ ವ್ಯತ್ಯಾಸದಿಂದ ವೋಲ್ಟೇಜ್ ಕೊಡುತ್ತದೆ) ಬಳಸಿದ ಮೇಲೆಯೇ ಅಳತೆ ಹದಕ್ಕೆ ಬಂದದ್ದು.

ಆಂಪಿಯರ್ ಅಳೆಯುವಾಗ ಮೀಟರ್ ಯಾವತ್ತೂ ಸೀರೀಸ್‌ನಲ್ಲೇ. ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಮುಗಿದ ತಕ್ಷಣ ವಾಪಸ್ ವೋಲ್ಟ್ ತೂತಿಗೆ ತನ್ನಿ. ಮರೆತು ಹಾಗೇ ಬ್ಯಾಟರಿಗೆ ಇಟ್ಟರೆ ನೇರ ಶಾರ್ಟ್. ಓಮ್ ಅಳೆಯುವಾಗ ಸಪ್ಲೈ ಬಿಚ್ಚಿರಲೇಬೇಕು.

ಮೋಟರಿಗೂ ಇದೇ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ. ವಾಟ್‌ಗೆ ಹಾಕಬಹುದು, ಓಮಿಗೆ ಬೇಡ. 12 ವೋಲ್ಟ್ ಡಿಸಿ ಮೋಟರ್ ತಿರುಗುವಾಗ 0.5 ಆಂಪಿಯರ್ ಎಳೆಯಿತು ಅನ್ನಿ. 6 ವಾಟ್, ಸರಿ. ಭಾಗಿಸಿದರೆ 24 ಓಮ್ ಬರುತ್ತದೆ, ಆದರೆ ವೈಂಡಿಂಗ್ (ಮೋಟರಿನೊಳಗಿನ ತಂತಿ ಸುರುಳಿ) ಅಳೆದರೆ 2 ಓಮ್ ಇರಬಹುದು. ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಇಲ್ಲಿ 11 ವೋಲ್ಟ್. ಉಳಿದ 1 ವೋಲ್ಟ್ ಮಾತ್ರ ಆ 2 ಓಮಿನ ಮೇಲೆ. ಮೋಟರ್ ಜಾಮ್ ಆದರೆ ಎದುರು ವೋಲ್ಟೇಜ್ ಇಲ್ಲ: 6 ಆಂಪಿಯರ್, 72 ವಾಟ್, ಪೂರ್ತಿ ಬಿಸಿ. ವೈಂಡಿಂಗ್ ಸುಡುವುದು ಹೀಗೆ. ಫ್ಯೂಸ್ ಹಾಕದೆ ಮೋಟರ್ ಓಡಿಸಬೇಡಿ.

ಎಸಿ ಮೇನ್ಸ್‌ನಲ್ಲಿ ಮೋಟರ್ ಇದ್ದರೆ ಬರೀ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾದ ವಾಟ್ ಎಷ್ಟು ಪಾಲು ಅನ್ನುವ ಅಂಕಿ) ಕೂಡ ಬೇಕು. ಅದಕ್ಕೆ ಮಲ್ಟಿಮೀಟರ್ ಸೀರೀಸ್ ಹಾಕುವ ಸಾಹಸ ಬೇಡ. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಸಿಗುತ್ತದೆ, ಅದನ್ನು ಬಳಸಿ.

ಸ್ವಿಚ್ಚಿನ ಎರಡು ಕಾಲಿನ ನಡುವೆ ಎಷ್ಟು ವೋಲ್ಟ್ ಬಂತು ಅಂತ ಅಳೆದು ಇಲ್ಲೇ ಹಾಕಿ. ವೈರ್ ಎಷ್ಟು ದಪ್ಪ, ಎಷ್ಟು ಉದ್ದ ಅನ್ನುವುದನ್ನೂ ಬರೆಯಿರಿ.