ಕೋಳಿ ಹೆಚ್ಚಿದ ಕಟ್ಟೆಗೆ ಮೈಕ್ರೋಫೈಬರ್ ಬಟ್ಟೆ, ಬರೀ ನೀರು ಸಾಕಾ?

ನಮಸ್ಕಾರ. ಭಾನುವಾರ ಕೋಳಿ ಹೆಚ್ಚಿದ ಮೇಲೆ ಗ್ರಾನೈಟ್ ಕಟ್ಟೆಯನ್ನು ಮೈಕ್ರೋಫೈಬರ್ ಬಟ್ಟೆ, ಬರೀ ನೀರಿನಲ್ಲಿ ಒರೆಸಿದರೆ ಬ್ಯಾಕ್ಟೀರಿಯಾ ಹೋಗುತ್ತದಾ ಅಂತ ಕೇಳಿದ್ದೀರಿ. ಬಹುಪಾಲು ಹೋಗುತ್ತದೆ, ಆದರೆ ಸಾಯುವುದಿಲ್ಲ. ಕಟ್ಟೆ ಬಿಟ್ಟು ಬಟ್ಟೆಗೆ ಬರುತ್ತದೆ, ಅಷ್ಟೇ.

ಮೈಕ್ರೋಫೈಬರ್ ಅಂದರೆ ಪಾಲಿಯೆಸ್ಟರ್, ನೈಲಾನ್ ಸೇರಿದ ಎಳೆ. ಒಂದೊಂದನ್ನೂ ಸೀಳಿರುತ್ತಾರೆ, ಕೂದಲಿಗಿಂತ ಎಷ್ಟೋ ಸಣ್ಣ. ಆ ಸೀಳಿನ ಅಂಚು ಜಿಡ್ಡನ್ನು ಕೆರೆದು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ನುಣುಪಾದ ಗ್ರಾನೈಟಿಗೆ ಒಳ್ಳೆಯದು. ಟೈಲ್ಸ್ ಸಂದಿಗೆ, ಗೀರು ಬಿದ್ದ ಮಣೆಗೆ ಅಷ್ಟಿಲ್ಲ.

ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ನಾಲ್ಕಾಗಿ ಮಡಚಿ. ಒಂದು ಮಗ್ಗುಲು ಕೊಳೆಯಾದರೆ ತಿರುಗಿಸಿ. ಅದೇ ಬಟ್ಟೆಯನ್ನು ಊಟದ ಟೇಬಲ್ಲಿಗೆ ಮಾತ್ರ ಒಯ್ಯಬೇಡಿ, ದಯವಿಟ್ಟು.

ಹಸಿ ಮಾಂಸ ತಾಗಿದ ಕಟ್ಟೆಗೆ ಈ ಬಟ್ಟೆಯೊಂದನ್ನೇ ನಂಬಬೇಡಿ. ಮೊದಲು ಸೋಪು ನೀರು, ಆಮೇಲೆ ನೀರು ಬೆರೆಸಿದ ಬ್ಲೀಚ್ ಸವರಿ ಸ್ವಲ್ಪ ಹೊತ್ತು ಬಿಡಿ. ಅದಕ್ಕೆ ಹಳೇ ಹತ್ತಿ ಬಟ್ಟೆ ಸಾಕು; ಬ್ಲೀಚ್ ಮೈಕ್ರೋಫೈಬರ್ ಎಳೆಯನ್ನೇ ಹಾಳು ಮಾಡುತ್ತದೆ. ಅಂದಹಾಗೆ, ಕೋಳಿ ತೊಳೆಯುವಾಗ ಹನಿ ಸಿಂಕ್ ಸುತ್ತಲೂ ಹಾರಿರುತ್ತದೆ, ಅಲ್ವಾ? ಅಲ್ಲೂ ಒರೆಸಿ.

ಮೈಕ್ರೋಫೈಬರ್ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಫ್ಯಾಬ್ರಿಕ್ ಕಂಡೀಷನರ್ ಬೇಡ, ಎಳೆಗಳ ಸಂದಿ ಮುಚ್ಚಿಹೋಗುತ್ತದೆ. ನಮ್ಮ ಮೈಸೂರಿನ ಮಳೆಗಾಲದಲ್ಲಿ ಸಿಂಕ್ ಪಕ್ಕ ಸುಮ್ನೆ ಮುದುರಿ ಇಡಬೇಡಿ, ಹರಡಿ ಪೂರ್ತಿ ಒಣಗಿಸಿ.