ಯುದ್ಧನೌಕೆಯನ್ನು ಉಳಿಸಬೇಕಾದದ್ದು ಹರಾಜಿಗೆ ಮೊದಲು

ನಮ್ಮ ನೌಕಾಪಡೆಯ ಹಳೆಯ ವಿಮಾನವಾಹಕ ನೌಕೆಗಳಾದ ವಿಕ್ರಾಂತ್ ಮತ್ತು ವಿರಾಟ್‌ಗಳನ್ನು ಉಳಿಸಲು ಅಷ್ಟು ಮಂದಿ ಹೋರಾಡಿದರೂ ಅವು ಗುಜರಿ ಪಾಲಾದದ್ದೇಕೆ, ಮುಂದೆ ನಿವೃತ್ತಿಯಾಗುವ ಒಂದು ಯುದ್ಧನೌಕೆಯನ್ನಾದರೂ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲದ ಕಡಲತೀರಕ್ಕೆ ತರಿಸಿಕೊಳ್ಳಲು ಸಾಧ್ಯವೇ ಎಂದು ನೀವು ಕೇಳಿದ್ದೀರಿ. ನಾನು ಕುಂಬಳೆಯವನು. ಉದ್ಯೋಗದ ಬಹುಕಾಲವನ್ನು ಕೊಚ್ಚಿಯಲ್ಲಿ ಹಡಗುಗಳ ಹೊರಮೈಯ ಉಕ್ಕಿನ ಹಾಳೆಗಳ ದುರಸ್ತಿಯಲ್ಲಿ ಕಳೆದವನಾದ್ದರಿಂದ ಮೊದಲು ಆ ಉಕ್ಕಿನ ವಿಚಾರದಿಂದಲೇ ಆರಂಭಿಸುತ್ತೇನೆ.

ಉಪ್ಪುನೀರಿನಲ್ಲಿ ನಿಂತಿರುವ ಹಡಗಿಗೆ ನಿವೃತ್ತಿ ಎಂಬುದಿಲ್ಲ. ಅದು ಸೇವೆಯಲ್ಲಿದ್ದಾಗ ಕೆಲವು ವರ್ಷಗಳಿಗೊಮ್ಮೆ ಡ್ರೈಡಾಕಿಗೆ (ನೀರು ಹೊರಹಾಕಿ ಹಡಗಿನ ತಳವನ್ನು ದುರಸ್ತಿ ಮಾಡುವ ಕಟ್ಟೆಗೆ) ಏರಿಸಿ, ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು, ಉಕ್ಕಿನ ಬದಲು ತಾವೇ ಸವೆದು ಅದನ್ನು ತುಕ್ಕಿನಿಂದ ಕಾಯುವ ಸತುವಿನ ಗಟ್ಟಿಗಳನ್ನು ಬದಲಿಸಿ, ಹೊಸದಾಗಿ ಬಣ್ಣ ಬಳಿಯುತ್ತಾರೆ. ನಿವೃತ್ತಿಯ ಮರುದಿನದಿಂದ ಈ ಆರೈಕೆ ನಿಲ್ಲುತ್ತದೆ, ತುಕ್ಕು ನಿಲ್ಲುವುದಿಲ್ಲ. ಅತಿ ಹೆಚ್ಚು ಹಾನಿ ಆಗುವುದು ತಳದಲ್ಲಲ್ಲ, ನೀರು ಮತ್ತು ಗಾಳಿ ಸೇರುವ ಗೆರೆಯಲ್ಲಿ. ಅಲ್ಲಿ ಬಣ್ಣ ಕೆರೆದು, ಹಾಳೆಗೆ ಜೆಲ್ ಸವರಿ, ದಪ್ಪ ಅಳೆಯುವ ಮಾಪಕದ ತುದಿಯನ್ನು ಒತ್ತಿ ಹಿಡಿದರೆ ಒಂದು ಅಂಗೈ ಅಗಲದೊಳಗೇ ಅದು ತೋರಿಸುವ ಅಂಕಿ ಏರಿಳಿಯುತ್ತದೆ. ಅನುಭವಸ್ಥರಿಗೆ ಸುತ್ತಿಗೆಯಿಂದ ತಟ್ಟಿದರೂ ಸಾಕು. ಗಟ್ಟಿಯಾದ ಹಾಳೆ ಠಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟದ್ದು ದಬ್ ಎಂದು ಸದ್ದು ಮಾಡುತ್ತದೆ. ಹಳೆಯ ನೌಕೆಗಳಾದರೆ ಕೊಳವೆಗಳ ಸುತ್ತಲಿನ, ಉಸಿರಿಗೆ ಅಪಾಯಕಾರಿಯಾದ ಕಲ್ನಾರನ್ನೂ (ಆಸ್ಬೆಸ್ಟಾಸ್) ಜಾಗರೂಕತೆಯಿಂದ ತೆಗೆಯಬೇಕು. ಹೀಗಾಗಿ ಒಂದು ನೌಕೆಯನ್ನು ಸಂಗ್ರಹಾಲಯವಾಗಿ ಮಾಡುವುದೆಂದರೆ ಒಮ್ಮೆ ಹಣ ಕೊಟ್ಟು ಕೊಂಡು ಮುಗಿಸುವ ವ್ಯವಹಾರವಲ್ಲ, ವರ್ಷ ವರ್ಷವೂ ತೆರಬೇಕಾದ ಖರ್ಚಿಗೆ ಒಪ್ಪಿಕೊಳ್ಳುವುದು.

ಈ ಖರ್ಚನ್ನು ಹೊರುವವರು ಯಾರೆಂಬುದು ಕಡೆಯವರೆಗೂ ತೀರ್ಮಾನವಾಗದೆ ಹೋದದ್ದೇ ವಿಕ್ರಾಂತ್‌ನ ದುರಂತ. 1961ರಲ್ಲಿ ನೌಕಾಪಡೆಗೆ ಸೇರಿ, 1971ರ ಯುದ್ಧದಲ್ಲಿ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್‌ಗಳ ಮೇಲೆ ತನ್ನ ಸೀ ಹಾಕ್ ವಿಮಾನಗಳನ್ನು ಹಾರಿಸಿದ ನೌಕೆಯದು. 1997ರ ಜನವರಿಯಲ್ಲಿ ನಿವೃತ್ತಿಯಾದ ಮೇಲೆ ಮುಂಬಯಿಯಲ್ಲಿ 2012ರವರೆಗೆ ಸಂಗ್ರಹಾಲಯವಾಗಿ ನಿಂತಿತ್ತು. ವಿಮಾನಗಳನ್ನು ಇರಿಸುತ್ತಿದ್ದ ಅದರ ಒಳಾಂಗಣದಲ್ಲಿ ನಿಂತು, ಅವುಗಳನ್ನು ಮೇಲಕ್ಕೆ ಒಯ್ಯುತ್ತಿದ್ದ ಲಿಫ್ಟಿನ ಚೌಕಟ್ಟನ್ನು ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ಆ ಅನುಭವವನ್ನು ಯಾವ ಛಾಯಾಚಿತ್ರವೂ ಕೊಡಲಾರದು. ಶಾಶ್ವತ ನೆಲೆ ಕಟ್ಟಲು ಹೂಡಿಕೆದಾರರು ಮುಂದೆ ಬರಲಿಲ್ಲ, ರಾಜ್ಯ ಸರಕಾರ ಕೈಚೆಲ್ಲಿತು, ಸುರಕ್ಷತೆಯ ಕಾರಣಕ್ಕೆ ಬಾಗಿಲು ಮುಚ್ಚಿತು. ಹರಾಜಿನಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಬಿಕರಿಯಾಗುವ ಹೊತ್ತಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಾಂಬೆ ಹೈಕೋರ್ಟಿನ ಮುಂದೆ ಬಂದು ವಜಾ ಆಯಿತು. ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ಯಥಾಸ್ಥಿತಿಗೆ ಆದೇಶಿಸಿತಾದರೂ ಆಗಸ್ಟಿನಲ್ಲಿ ಅದನ್ನು ತೆರವುಗೊಳಿಸಿತು. ನವೆಂಬರಿನಲ್ಲಿ ಮುಂಬಯಿಯ ದಾರುಖಾನಾದಲ್ಲಿ ಅದನ್ನು ಒಡೆಯತೊಡಗಿದರು.

ಅಷ್ಟಾದ ಮೇಲಾದರೂ ಪಾಠ ಕಲಿಯಬಹುದಿತ್ತು. ವಿರಾಟ್ 2017ರ ಮಾರ್ಚ್ 6ರಂದು ನಿವೃತ್ತಿಯಾಯಿತು. ಅದಕ್ಕೂ ಮೊದಲೇ, 2016ರಲ್ಲಿ, ಕೊಚ್ಚಿಯಲ್ಲಿ ಅದರ ಬಾಯ್ಲರು, ಎಂಜಿನು, ಪ್ರೊಪೆಲ್ಲರುಗಳನ್ನು ತೆಗೆದು ಟಗ್‌ಗಳಿಂದ ಮುಂಬಯಿಗೆ ಎಳೆದೊಯ್ದಿದ್ದರು. 2018ರ ನವೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಸಿಂಧುದುರ್ಗದ ನಿವತಿ ಬಳಿ ಅದನ್ನು ನೆಲೆಗೊಳಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು, ಆದರೆ ಅದು ಕೈಗೂಡಲಿಲ್ಲ. 2020ರಲ್ಲಿ 38.54 ಕೋಟಿಗೆ ಹರಾಜಾಗಿ, ಸೆಪ್ಟೆಂಬರಿನಲ್ಲಿ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್ ದಡ ಸೇರಿತು. ಆಮೇಲೆ ಒಂದು ಸಂಸ್ಥೆ 100 ಕೋಟಿ ಕೊಟ್ಟು ಕೊಂಡು ಸಂಗ್ರಹಾಲಯ ಮಾಡುತ್ತೇನೆಂದು ಮುಂದೆ ಬಂದಿತು, ಆದರೆ ರಕ್ಷಣಾ ಸಚಿವಾಲಯದ ನಿರಾಕ್ಷೇಪಣಾ ಪತ್ರ ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಸಿಕ್ಕಿತು. ಏಪ್ರಿಲಿನಲ್ಲಿ, ನೌಕೆಯ ಶೇಕಡಾ 40ರಷ್ಟು ಭಾಗ ಕಳಚಿಹೋಗಿರುವುದನ್ನು ಗಮನಿಸಿ ನ್ಯಾಯಾಲಯ ಮನವಿಯನ್ನು ತಳ್ಳಿಹಾಕಿತು. ಇದಕ್ಕಾಗಿ ನ್ಯಾಯಾಲಯವನ್ನು ದೂರುವುದು ಸರಿಯಲ್ಲ ಎಂದೇ ನನ್ನ ಭಾವನೆ. ತಡೆಯಾಜ್ಞೆಯಿಂದ ಗ್ಯಾಸ್ ಕಟ್ಟರನ್ನು ನಿಲ್ಲಿಸಬಹುದು, ಕತ್ತರಿಸಿದ ಮೂತಿಯನ್ನು ಮರಳಿ ಜೋಡಿಸಲಾಗದು. ಕೊನೆಯ ಗಳಿಗೆಯಲ್ಲಿ ಓಡಿಬಂದವರ ಪ್ರೀತಿ ದೊಡ್ಡದೇ, ಅವರನ್ನು ಗೌರವಿಸುತ್ತೇನೆ. ಆದರೆ ಹರಾಜಿನ ಸುತ್ತಿಗೆ ಬಿದ್ದ ಮೇಲೆ ನೌಕೆ ಖರೀದಿದಾರನ ಸ್ವತ್ತು, ಅವನು ತೊಡಗಿಸಿದ ಹಣಕ್ಕೆ ದಿನವೂ ಬಡ್ಡಿ ಬೆಳೆಯುತ್ತಿರುತ್ತದೆ.

ಉಳಿದುಕೊಂಡ ನೌಕೆಗಳನ್ನು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. 2001ರ ಫೆಬ್ರವರಿಯಲ್ಲಿ ನಿವೃತ್ತಿಯಾದ ಕುರ್ಸುರಾ ಜಲಾಂತರ್ಗಾಮಿ 2002ರ ಆಗಸ್ಟಿನಲ್ಲೇ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಸಂಗ್ರಹಾಲಯವಾಗಿ ತೆರೆದುಕೊಂಡಿತು. ನಮಗೆ ಹತ್ತಿರದ ಕಾರವಾರದಲ್ಲಿ, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, 2005ರಲ್ಲಿ ಸೇವೆ ಮುಗಿಸಿದ ಚಾಪೆಲ್ ಕ್ಷಿಪಣಿ ನೌಕೆಯಿದೆ. 1971ರ ಡಿಸೆಂಬರಿನಲ್ಲಿ ಕರಾಚಿ ಬಂದರನ್ನು ನಡುಗಿಸಿದ ಕ್ಷಿಪಣಿ ದೋಣಿಗಳ ವಂಶದ್ದೇ ಅದೂ. ಕೇರಳದಲ್ಲೇ ಬೇಕೆಂದರೆ, 2021ರ ಜನವರಿಯಲ್ಲಿ ನಿವೃತ್ತಿಯಾದ ಟಿ-81 ಎಂಬ ವೇಗದ ದಾಳಿ ದೋಣಿಯನ್ನು ಅದೇ ವರ್ಷ ಕೊಚ್ಚಿಯಿಂದ ಜಲಮಾರ್ಗವಾಗಿ ತಣ್ಣೀರ್‌ಮುಕ್ಕಂಗೆ ತಂದು, ಅಲ್ಲಿಂದ ಬಹುಚಕ್ರದ ವಾಹನದಲ್ಲಿ ರಸ್ತೆಯ ಮೂಲಕ ಆಲಪ್ಪುಳದ ಕಡಲತೀರಕ್ಕೆ ಸಾಗಿಸಿದರು. 25 ಮೀಟರ್ ಉದ್ದ, ಸುಮಾರು 60 ಟನ್ ತೂಕದ ದೋಣಿಯಾದ್ದರಿಂದ ಅದು ಸಾಧ್ಯವಾಯಿತು; 226 ಮೀಟರಿನ ವಿರಾಟ್‌ಗೆ ಅಂಥ ದಾರಿಯೇ ಇರಲಿಲ್ಲ. ಈ ಮೂರೂ ನಿಂತಿರುವುದು ನೆಲದ ಮೇಲೆ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆದಿಡುವ ನಮ್ಮ ಮೊಗವೀರರ ವಿವೇಕ ಇಲ್ಲಿಯೂ ಸಲ್ಲುತ್ತದೆ. ದಡದಲ್ಲಿಯೂ ಉಪ್ಪುಗಾಳಿ ಉಕ್ಕನ್ನು ತಿನ್ನುತ್ತದೆ, ಆದರೆ ಅಲ್ಲಿ ಡ್ರೈಡಾಕ್ ಬೇಡ, ಏಣಿ ಹಾಕಿ ಬಣ್ಣ ಬಳಿಯಬಹುದು, ಮುಳುಗುವ ಭಯವಿಲ್ಲ.

ಬೇಕಲದ ವಿಚಾರಕ್ಕೆ ಬಂದರೆ, ಸಾಧ್ಯವಿದೆ ಎಂದೇ ನನ್ನ ಉತ್ತರ, ಆದರೆ ಚಿಕ್ಕ ನೌಕೆಯನ್ನು ಮಾತ್ರ ಕೇಳಬೇಕು. ಅಲ್ಲಿನ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅದರ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಕಡಲತೀರಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಆದ್ದರಿಂದ ಕೋಟೆಯಿಂದ ತುಸು ದೂರದಲ್ಲಿ, ಭಾರಿ ವಾಹನ ತಲುಪಬಲ್ಲ ಗಟ್ಟಿ ನೆಲವನ್ನು ಮೊದಲು ಗುರುತಿಸಬೇಕು. ಆಮೇಲೆ ಜಿಲ್ಲಾಡಳಿತ ಮತ್ತು ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮದ ಮೂಲಕ, ಜಾಗದ ನಕ್ಷೆ ಮತ್ತು ವಾರ್ಷಿಕ ನಿರ್ವಹಣೆಯ ಹಣದ ಮೂಲವನ್ನು ಲಗತ್ತಿಸಿ, ರಾಜ್ಯ ಸರಕಾರದಿಂದ ನೌಕಾಪಡೆಗೆ ಪತ್ರ ಹೋಗುವಂತೆ ಮಾಡಬೇಕು. ನೌಕೆ ಇನ್ನೂ ಸೇವೆಯಲ್ಲಿರುವಾಗಲೇ ಆ ಪತ್ರ ತಲುಪಿದರೆ, ಅದರ ಯಾವ ಉಪಕರಣಗಳನ್ನು ಕಳಚಬೇಕು, ಯಾವುದನ್ನು ನೋಡುಗರಿಗಾಗಿ ಬಿಡಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬಹುದು. ನೀವು ಮನವಿ ಬರೆಯುವುದಾದರೆ ನಿರ್ವಹಣೆಯ ಅಂದಾಜುಪಟ್ಟಿಯನ್ನು ನಾನು ಸಿದ್ಧಪಡಿಸಿ ಕೊಡುತ್ತೇನೆ. ಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವೂ ಇರಬೇಕೆಂಬ ಒಂದು ಸಾಲನ್ನು ಮಾತ್ರ ಮರೆಯದೆ ಸೇರಿಸಿ.