‘ಏನೂ ಆಗಲಿಲ್ಲ’ ಎನ್ನುವವರ ಲೆಕ್ಕ

ಮೇಷ್ಟ್ರೇ, ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ಪತ್ರ ನಮ್ಮ ಪತ್ರಿಕೆ ಆಫೀಸಿನ ಅರ್ಧ ದಿನದ ಕೆಲಸ ಕೆಡಿಸಿತು. ಎಲ್ಲರೂ ಮೊಣಕಾಲಿನ ಕಲೆ, ಗದ್ದದ ಹೊಲಿಗೆ ತೋರಿಸುತ್ತ ಕೂತರು. ಎಪ್ಪತ್ತರ ದಶಕದಲ್ಲಿ ಸೇತುವೆ ಮೇಲಿಂದ ಭದ್ರಾ ಚಾನಲ್‌ಗೆ, ಅಂದರೆ ನೀರಾವರಿ ನಾಲೆಗೆ ಹಾರಿದ್ದು, ಬೀಗದ ಕೈಯ ತೂತಿಗೆ ಕಡ್ಡಿಮದ್ದು ತುಂಬಿ ಗೋಡೆಗೆ ಬಡಿದಿದ್ದು, ಮಂಡಕ್ಕಿ ಭಟ್ಟಿಗೆ ಭತ್ತ ಸಾಗಿಸುವ ಗಾಡಿ ಹಿಂದೆ ನೇತಾಡಿದ್ದು, ಕಾಟನ್ ಮಿಲ್ಲಿನ ಸೈರನ್ ಕೂಗಿದಾಗಲೇ ಮನೆ ನೆನಪಾಗಿದ್ದು ಎಲ್ಲ ಬರೆದು ಕೊನೆಗೆ ಕೇಳಿದ್ದೀರಿ: ‘ನಮಗೇನೂ ಆಗಲಿಲ್ಲ. ಈಗಿನ ಮಕ್ಕಳನ್ನು ಯಾಕೆ ಹೀಗೆ ಕಟ್ಟಿಹಾಕುತ್ತಾರೆ?’

ನಾನು ಚಿತ್ರದುರ್ಗದವನು. ನಮ್ಮ ಪೇಟೆಗೆ ಚಾನಲ್ ಇರಲಿಲ್ಲ, ಬಂಡೆ ಬೇಕಾದಷ್ಟಿತ್ತು. ತಂಗಡಿ ಸೊಪ್ಪು ಮುರಿದು, ಅದರ ಮೇಲೆ ಕುಂಡಿ ಊರಿ, ಬಂಡೆ ಮೇಲಿಂದ ಜಾರುತ್ತಿದ್ದೆವು. ಸೊಪ್ಪು ಅರೆದು ಕಲ್ಲಿನ ಮೇಲೆ ಹಸಿರು ಪಟ್ಟೆ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಸೊಪ್ಪು ಕೈಕೊಟ್ಟರೆ ಚಡ್ಡಿ ಕತೆ ಮುಗೀತು. ಚಡ್ಡಿ ಹರಿದಿದ್ದಕ್ಕೆ ಮನೆಯಲ್ಲಿ ಬೀಳುತ್ತಿದ್ದ ಏಟು ಬಂಡೆ ಏಟಿಗಿಂತ ಜಾಸ್ತಿ! ಕಲ್ಲೆತ್ತಿ ಚೇಳು ಹುಡುಕಿ, ಅದರ ಬಾಲಕ್ಕೆ ದಾರ ಕಟ್ಟುವ ಶೂರರೂ ನಮ್ಮಲ್ಲಿದ್ದರು. ನಾನು ಮಾತ್ರ ದಾರ ಒದಗಿಸುವವನು.

ಇಷ್ಟು ಹೇಳಿಯೂ ನಿಮ್ಮ ‘ಏನೂ ಆಗಲಿಲ್ಲ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಆದವರು ಪತ್ರ ಬರೆಯಲ್ಲ, ಅಲ್ವಾ? ಬರೆಯುವವರು ನೀವು, ನಾನು, ದಡ ಸೇರಿದವರು. ಕಡ್ಡಿಮದ್ದಿನಲ್ಲಿ ಬೆರಳು, ಕಣ್ಣು ಕಳಕೊಂಡವರ ಮನೆಯಲ್ಲಿ ಈ ನೆನಪನ್ನು ನಗುತ್ತ ಹೇಳಲು ಆಗುತ್ತಾ?

ಚಾನಲ್ ವಿಷಯವನ್ನೇ ನೋಡಿ. ಮೇಲೆ ನೀರು ಸುಮ್ನೆ ಹರಿಯುವಂತೆ ಕಾಣುತ್ತದೆ, ಒಳಗೆ ಸೆಳೆತ. ಎರಡೂ ಬದಿ ಇಳಿಜಾರು, ಅದರ ಮೇಲೆ ಪಾಚಿ. ಈಜು ಬಂದವನೂ ದಡಕ್ಕೆ ಬಂದು ಕೈ ಚಾಚಿದರೆ ಹಿಡಿಯಲು ಏನೂ ಸಿಗುವುದಿಲ್ಲ, ಉಗುರು ಜಾರುತ್ತದೆ. ಬೇಸಿಗೆ ಬೆಳೆಗೆ ನೀರು ಬಿಡುವುದೂ ಮಕ್ಕಳಿಗೆ ರಜೆ ಬರುವುದೂ ಒಂದೇ ಹೊತ್ತಿಗೆ.

ತೋಟದ ಬಾವಿ ಹಾಗಿರಲಿಲ್ಲ. ಆಳ ಜಾಸ್ತಿಯೇ ಇತ್ತು, ಆದರೆ ಮೇಲೆ ಒಬ್ಬ ದೊಡ್ಡಪ್ಪ ಹಗ್ಗ ಹಿಡಿದು ನಿಂತಿರುತ್ತಿದ್ದ. ಹುಡುಗನ ಬೆನ್ನಿಗೆ ಬೆಂಡು ಕಟ್ಟಿ ಇಳಿಸುತ್ತಿದ್ದ. ದಿನ ಕಳೆದಂತೆ ಬೆಂಡು ಕಡಿಮೆ ಮಾಡುತ್ತ, ಒಂದು ದಿನ ಹೇಳದೆ ಬಿಚ್ಚಿಬಿಡುತ್ತಿದ್ದ. ನಮ್ಮ ಧೈರ್ಯ ಅಂತ ನಾವು ಅಂದುಕೊಂಡಿದ್ದರಲ್ಲಿ ಅರ್ಧ ಆ ಹಗ್ಗದ್ದು. ಕೊಳವೆಬಾವಿ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ತೆರೆದ ಬಾವಿ ಬತ್ತಿ ಕಸದ ಗುಂಡಿಯಾದವು. ಚಾನಲ್ ಹಾಗೇ ಇದೆ. ಮಕ್ಕಳು ಈಗಲೂ ಅದಕ್ಕೆ ಹಾರುತ್ತಾರೆ, ಈಜು ಕಲಿಯದೆಯೇ. ಹಾಗಾಗಿ ಮಕ್ಕಳು ಮರ ಹತ್ತಲಿ, ಬುಗುರಿ ಆಟದಲ್ಲಿ ಗುನ್ನ ತಿನ್ನಲಿ, ಮೊಣಕಾಲು ಕೆತ್ತಿಕೊಳ್ಳಲಿ, ಅದಕ್ಕೆ ನಿಮ್ಮ ಜೊತೆ ನಾನೂ ಇದ್ದೇನೆ. ಚಾನಲ್‌ಗೆ ಮಾತ್ರ ಇಲ್ಲ.

ಇನ್ನೊಂದು. ನಿಮ್ಮ ಪತ್ರದಲ್ಲಿ ಒಬ್ಬ ಹುಡುಗಿಯೂ ಇಲ್ಲ. ಹುಣಸೆ ಮರದ ತುದಿಕೊಂಬೆಗೆ ಹೋಗುತ್ತಿದ್ದವಳು ನನ್ನ ಅಕ್ಕ, ಕೆಳಗೆ ಲಂಗ ಹಿಡಿದು ಕಾಯುತ್ತಿದ್ದವಳು ನನ್ನ ತಂಗಿ. ಅವರಿಬ್ಬರನ್ನು ಬಿಟ್ಟು ಈ ಕತೆ ಹೇಳಿದರೆ ನನಗೆ ಮನೆಯಲ್ಲಿ ಊಟ ಸಿಗಲ್ಲ.

ನೀವು ಕೇಳಿದ ವಿಶೇಷ ಪುಟಗಳನ್ನು ಖಂಡಿತ ತರುತ್ತೇವೆ. ನಿಮ್ಮ ಪತ್ರವೇ ಮೊದಲು. ಅದಕ್ಕೆ ಮುಂಚೆ ಒಂದು ಪುಟ ಸೇರಿಸಿ ಕಳಿಸಿ: ನಿಮಗೆ ಈಜು ಕಲಿಸಿದವರು ಯಾರು?